ಗಡಿನಾಡಿನ ಹಸಿವಿನ ಚರಿತ್ರೆ

ಉಮರ್ಗಾ, ನಿಲಂಗಾ, ಉದಗೀರ ಸೀಮೆಯ ಚರಿತ್ರೆಯೆಂದರೆ ನಮಗೆ ಕೋಟೆ ಕೊತ್ತಲಗಳು ನೆನಪಾಗುತ್ತವೆ. 1760ರ ಉದಗೀರ ಕದನವನ್ನು ಮಕ್ಕಳಿಗೆ ಪಾಠ ಹೇಳುತ್ತೇವೆ. ಆದರೆ ಈ ನೆಲದ ಜನ ಒಂದು ರೊಟ್ಟಿಗಾಗಿ ಅನುಭವಿಸಿದ ಬವಣೆಯನ್ನು ಬರೆದಿಟ್ಟವರು ವಿರಳ. ನಿಲಂಗಾ, ಉದಗೀರ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗಡಿರೇಖೆ ಬದಲಾಯಿತು; ಬರ ಮಾತ್ರ ಎರಡೂ ಕಡೆ ಒಂದೇ ಆಗಿತ್ತು.

15ನೆಯ ಶತಮಾನದ ಬರಗಾಲದಲ್ಲಿ ಮಂಗಳವೇಢೆಯ ಅಧಿಕಾರಿ ದಾಮಾಜಿ ಪಂತರು ಬೀದರದ ಬಹಮನಿ ಸುಲ್ತಾನನ ಕಣಜಗಳನ್ನು ತೆರೆದು ಹಸಿದವರಿಗೆ ಧಾನ್ಯ ಹಂಚಿದರೆಂದು ಪ್ರತೀತಿ. ಈ ಕಥೆಯಲ್ಲಿ ಭಕ್ತಿಯ ಮಹಿಮೆಯಷ್ಟೇ ಅಲ್ಲ, ಒಂದು ಕಟುಸತ್ಯವೂ ಅಡಗಿದೆ. ಜನ ಹಸಿದಾಗಲೂ ಕಣಜ ತುಂಬಿತ್ತು! 1943ರ ಬಂಗಾಳದ ಕ್ಷಾಮವನ್ನು ಅಭ್ಯಸಿಸಿದ ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟಿಸಿದ ಗ್ರಂಥದ ಸಾರವೂ ಇದೇ. ಕ್ಷಾಮಕ್ಕೆ ಧಾನ್ಯದ ಅಭಾವವೊಂದೇ ಕಾರಣವಲ್ಲ. ಧಾನ್ಯ ಕೊಳ್ಳುವ ಶಕ್ತಿ ಜನರಿಗೆ ಇಲ್ಲವಾದಾಗಲೂ ಕ್ಷಾಮ ಬರುತ್ತದೆ.

ನಮ್ಮ ಹಿರಿಯರು ಇಂದಿಗೂ ಕಾಲವನ್ನು ಎಣಿಸುವುದು 1972ರ ಬರದಿಂದ. 1970ರಿಂದ ಸತತ ಮೂರು ವರ್ಷ ಮಳೆ ಕೈಕೊಟ್ಟಿತು. ಬಾವಿಗಳು ಬತ್ತಿದವು, ದನಗಳು ಕಟುಕರ ಪಾಲಾದವು. ಹೊಲವಿದ್ದ ರೈತನೂ ಕೂಲಿಯವನೊಡನೆ ಖಡಿ ಒಡೆಯಲು ಕುಳಿತನು. ರಸ್ತೆ, ಕೆರೆ, ಒಡ್ಡುಗಳ ಕೆಲಸ ಎಲ್ಲೆಡೆ ನಡೆಯಿತು. 1973ರ ಮೇ ತಿಂಗಳಲ್ಲಿ ಮಹಾರಾಷ್ಟ್ರದಲ್ಲಿ ಸುಮಾರು 50 ಲಕ್ಷ ಜನರು ಇಂತಹ ಪರಿಹಾರ ಕಾಮಗಾರಿಗಳಲ್ಲಿದ್ದರು. ಪರದೇಶದಿಂದ ಬಂದ ಕೆಂಪು ಮಿಲೋ ಜೋಳ ಮತ್ತು ಸುಕಡಿ ಅಂದಿನ ಆಹಾರ. ಬಿಳಿಜೋಳ ಉಂಡ ನಾಲಿಗೆಗೆ ಅದು ರುಚಿಸಲಿಲ್ಲ. ಆದರೆ ಜೀವ ಉಳಿಸಿತು. ಧರ್ಮದ ಗಂಜಿಗಿಂತ ದುಡಿಮೆಯ ಕೂಲಿ ಮಾನವನ್ನೂ ಕಾಯುತ್ತದೆಂಬುದು ಆಗ ಸಿದ್ಧವಾಯಿತು. ವಿ.ಎಸ್. ಪಾಗೆಯವರ ಕಲ್ಪನೆಯ ಉದ್ಯೋಗ ಖಾತ್ರಿ ಯೋಜನೆಗೆ 1977ರಲ್ಲಿ ಶಾಸನದ ರೂಪ ದೊರೆಯಿತು. ಅದರ ವೆಚ್ಚಕ್ಕಾಗಿ ಪಟ್ಟಣಗಳ ನೌಕರರು ವೃತ್ತಿತೆರಿಗೆ ತೆತ್ತರು. 2005ರ ರಾಷ್ಟ್ರೀಯ ಉದ್ಯೋಗ ಖಾತ್ರಿ ಕಾಯದೆಗೆ ಇದೇ ಮೇಲ್ಪಂಕ್ತಿಯಾಯಿತು. ಕಾಯಕ ಮತ್ತು ದಾಸೋಹಗಳನ್ನು ಒಂದುಗೂಡಿಸಿದ ಕಲ್ಯಾಣದ ನೆರೆಯವರಾದ ನಮಗೆ ಈ ತತ್ತ್ವ ಹೊಸದಲ್ಲ.

ಇಂದು ಆ ಬಗೆಯ ಕ್ಷಾಮವಿಲ್ಲ. ಪಡಿತರದ ಗೋಧಿ, ಅಕ್ಕಿ ಮನೆಮನೆಗೆ ಸಿಗುತ್ತಿವೆ. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. ಜೋಳ, ತೊಗರಿ ಬೆಳೆದು ಉಣ್ಣುತ್ತಿದ್ದ ಹೊಲಗಳಲ್ಲಿ ಈಗ ಮಾರಾಟದ ಸೋಯಾಬೀನ್ ನಿಂತಿದೆ. ಕಬ್ಬು ಕಡಿಯಲು ಮರಾಠವಾಡದಿಂದ ವಲಸೆ ಹೋಗುವ ತಾಯಂದಿರ ಕೂಸುಗಳು ತಿಂಗಳುಗಟ್ಟಲೆ ಊರ ಅಂಗನವಾಡಿಯಿಂದ ದೂರವಾಗುತ್ತವೆ. ಈ ಹಸಿವು ಸದ್ದು ಮಾಡುವುದಿಲ್ಲ; ಆದ್ದರಿಂದಲೇ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಸಂಘದ ಬಂಧುಗಳಲ್ಲಿ ನಮ್ಮ ಬಿನ್ನಹ ಎರಡು. 1972ನ್ನು ಕಂಡ ಹಿರಿಯರು ಇನ್ನೂ ನಮ್ಮ ಮನೆಗಳಲ್ಲಿದ್ದಾರೆ. ಅವರ ಮಾತುಗಳನ್ನು ಅವರ ಕನ್ನಡದಲ್ಲಿಯೇ ಬರೆದಿಡೋಣ. ವಲಸೆಗೆ ಗಂಟು ಕಟ್ಟುವ ಕುಟುಂಬ ನಮ್ಮ ಓಣಿಯಲ್ಲಿದ್ದರೆ, ಆ ಮನೆಯ ಮಗುವಿನ ತಟ್ಟೆಯಲ್ಲಿ ಏನಿದೆಯೆಂದು ವಿಚಾರಿಸೋಣ.