ಕ್ರೇಗಿಬರ್ನ್‌ನ ಕರಿಗಲ್ಲು, ಮಲ್ಪೆಯ ಕಂಬ

ಕ್ರೇಗಿಬರ್ನ್‌ನಲ್ಲಿ ಹಿತ್ತಿಲಿಗೊಂದು ನಿಂಬೆಗಿಡ ನೆಡಲು ಹೊರಟವರಿಗೆ ಗೊತ್ತು, ಗುದ್ದಲಿಗೆ ಕರಿಗಲ್ಲು ತಾಗುತ್ತದೆ. ಅದು ಆರಿದ ಲಾವಾರಸ. ನಮ್ಮ ಬಡಾವಣೆ ಇರುವುದೇ ಹಳೆಯ ಜ್ವಾಲಾಮುಖಿಗಳ ಬಯಲಿನಲ್ಲಿ.

ಈ ಕಲ್ಲಿನ ಒಳರೂಪ ನೋಡಲು ಕೀಲರ್ ಬಳಿಯ ಆರ್ಗನ್ ಪೈಪ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗಬೇಕು. ಜಾಕ್ಸನ್ಸ್ ಕ್ರೀಕ್‌ಗೆ ಇಳಿಯುವ ಹಾದಿ ಕಡಿದು. ಮಂಡಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವೆಂದು ರೋಗಿಗಳಿಗೆ ಹೇಳುತ್ತಿದ್ದೆ, ಅರ್ಥವಾದದ್ದು ಅಲ್ಲಿ. ಕೆಳಗೆ ಕಲ್ಲುಕಂಬಗಳ ಗೋಡೆ. 25 ಲಕ್ಷ ವರ್ಷಕ್ಕೂ ಹಿಂದೆ ಕಣಿವೆ ತುಂಬಿದ ಲಾವಾ ತಣಿದು ಕುಗ್ಗುವಾಗ ಹೀಗೆ ಬಿರಿಯಿತು.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲೂ ಇಂಥವೇ ಕಂಬಗಳಿವೆ. ಶಿಲೆಯ ಜಾತಿ ಬೇರೆ, ಬಿರಿದ ಬಗೆ ಒಂದೇ. ಅವು ಸುಮಾರು 8.8 ಕೋಟಿ ವರ್ಷ ಹಳೆಯವು, ಭಾರತದಿಂದ ಮಡಗಾಸ್ಕರ್ ಬೇರ್ಪಟ್ಟ ಕಾಲದವು. ವಿದ್ಯಾರ್ಥಿಯಾಗಿದ್ದಾಗ ಅಲ್ಲಿ ನಡೆದಾಡಿ ಒಂದು ಚೂರು ಜೇಬಿಗಿಳಿಸಿದ್ದೆ. ಕಳವು ಅನಿಸಿರಲಿಲ್ಲ.

1972ರಲ್ಲಿ ಆರ್ಗನ್ ಪೈಪ್ಸ್ ಉದ್ಯಾನವಾದಾಗ ಕಣಿವೆಯ ತುಂಬ ಮುಳ್ಳುಕಳೆ. ಅದೇ ವರ್ಷ ಸ್ವಯಂಸೇವಕರು ಗುಂಪು ಕಟ್ಟಿ, ಕಳೆ ಕಿತ್ತು, ಈ ನೆಲದ್ದೇ ಗಿಡಗಳನ್ನು ನೆಡತೊಡಗಿದರು.

ಮೊನ್ನೆ ಅಲ್ಲಿ ಮೊಮ್ಮಗಳು ಕಲ್ಲೊಂದನ್ನು ಎತ್ತಿಕೊಂಡಳು.

“ಅಲ್ಲೇ ಇಟ್ಟುಬಿಡು, ಪುಟ್ಟಿ.”

“ನಿಮ್ಮ ಕಪಾಟಿನಲ್ಲಿರೋದು, ತಾತಾ?”

ಡಿಸೆಂಬರಿನಲ್ಲಿ ಊರಿಗೆ ಹೊರಟಿದ್ದೇನೆ. ಮಲ್ಪೆಯ ಚೂರು ಪೆಟ್ಟಿಗೆಯಲ್ಲಿದೆ.