ಸಿಂಗಲ್ ಎಂಡೆಡ್ ವಾಲ್ವ್ ಧ್ವನಿವರ್ಧಕದಲ್ಲಿ ಗುಂಜನದೋಷ: ಶಿವಮೊಗ್ಗ–ಭದ್ರಾವತಿ ಪ್ರದೇಶವನ್ನು ಕುರಿತ ಒಂದು ವಿವೇಚನೆ

1. ಪೀಠಿಕೆ

ಮನೆಯಲ್ಲಿಯೇ ಕಟ್ಟಿದ ವಾಲ್ವ್ ಧ್ವನಿವರ್ಧಕಕ್ಕೆ ಮೊದಲ ಬಾರಿ ವಿದ್ಯುತ್ತನ್ನು ಹರಿಯಿಸಿದಾಗ, ವಾಲ್ವುಗಳ ತಂತುಗಳು ಕೆಂಪೇರಿ ಸಂಗೀತವು ಹೊರಡುವುದಕ್ಕೆ ಮುನ್ನವೇ, ಸ್ಪೀಕರಿನೊಳಗಿಂದ ಎಡೆಬಿಡದೆ ಗುಂಯ್‌ಗುಡುವ ನಾದವೊಂದು ಕೇಳಿಬರುವುದು ಈ ವಿದ್ಯೆಯಲ್ಲಿ ಕೈಯಾಡಿಸಿದ ಬಹುಮಂದಿಯ ಅನುಭವವಾಗಿದೆ. ರಿಪೇರಿಯ ಅಂಗಡಿಗಳಲ್ಲಿ ಹಮ್ಮಿಂಗ್ ಎಂದು ಹೇಳುವ ಈ ದೋಷವನ್ನು ಇಲ್ಲಿ ಗುಂಜನವೆಂದು ಕರೆದಿದೆ. ಇದಕ್ಕೆ ಬಹುಕಾಲದಿಂದ ರೂಢಿಯಲ್ಲಿರುವ ಮದ್ದು ಒಂದೇ: ಫಿಲ್ಟರ್ ಕಂಡೆನ್ಸರನ್ನು ತೆಗೆದು ಅದಕ್ಕಿಂತ ದೊಡ್ಡದನ್ನು ಹಾಕುವುದು. ಕೆಲವೊಮ್ಮೆ ಇದರಿಂದ ಗುಣ ಕಂಡರೂ ಅನೇಕ ವೇಳೆ ಗುಂಜನವು ಇದ್ದಂತೆಯೇ ಉಳಿಯುತ್ತದೆ. ಏಕೆಂದರೆ ಗುಂಜನವೆಂಬುದು ಒಂದು ದೋಷವಲ್ಲ, ಬೇರೆ ಬೇರೆ ಮೂಲಗಳಿಂದ ಹುಟ್ಟಿ ಒಂದೇ ಸ್ಪೀಕರಿನಲ್ಲಿ ಕೂಡಿಕೊಳ್ಳುವ ಹಲವು ದೋಷಗಳ ಸಮಷ್ಟಿ. ಆ ಮೂಲಗಳನ್ನು ಒಂದೊಂದಾಗಿ ವಿಂಗಡಿಸಿ ಅಳೆದಲ್ಲದೆ ಪರಿಹಾರವಿಲ್ಲವೆಂಬುದೂ, ಶಿವಮೊಗ್ಗ–ಭದ್ರಾವತಿ ಪ್ರದೇಶದ ಹವೆ, ಭೂಮಿ ಮತ್ತು ಪ್ರಸಾರಕೇಂದ್ರಗಳು ಆ ವಿಂಗಡಣೆಯಲ್ಲಿ ಗಣನೆಗೆ ಬರತಕ್ಕವೆಂಬುದೂ ಈ ಲೇಖನದ ಪ್ರತಿಪಾದ್ಯ.

ನಮ್ಮ ನಾಡಿನಲ್ಲಿ ಹವ್ಯಾಸವಾಗಿ ರೇಡಿಯೋ ವಿದ್ಯೆಯನ್ನು ಅಭ್ಯಸಿಸುವ ಪರಂಪರೆ ಹೊಸದಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರಕೇಂದ್ರವೊಂದನ್ನು ಆರಂಭಿಸಿದರು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಮುಂದೆ ವಾಲ್ವುಗಳನ್ನು ತಯಾರಿಸತೊಡಗಿದಮೇಲೆ ಅವು ಸ್ವದೇಶದಲ್ಲಿಯೇ ದೊರೆಯುವಂತಾದವು.

2. ವಿದ್ಯುತ್ತಿನ ಆವರ್ತ

ಗುಂಜನದ ಶ್ರುತಿಯನ್ನು ನಿರ್ಣಯಿಸುವುದು ಸರಬರಾಜಾಗುವ ವಿದ್ಯುತ್ತಿನ ಆವರ್ತ. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗಾಗಿ ಕಾರ್ಯಾರಂಭ ಮಾಡಿದ ಶಿವನಸಮುದ್ರದ ವಿದ್ಯುದಾಗಾರವು ಸೆಕೆಂಡಿಗೆ 25 ಆವರ್ತಗಳ ವಿದ್ಯುತ್ತನ್ನು ಉತ್ಪಾದಿಸುತ್ತಿತ್ತು. 1948ರಲ್ಲಿ ಜೋಗದಲ್ಲಿ ಆರಂಭವಾಗಿ, ತರುವಾಯ ಮಹಾತ್ಮಾ ಗಾಂಧಿಯವರ ಹೆಸರನ್ನು ಪಡೆದ ಶರಾವತಿಯ ವಿದ್ಯುದಾಗಾರವಾದರೋ 50 ಆವರ್ತಗಳದು. ಪೂರ್ಣತರಂಗ ರೆಕ್ಟಿಫೈಯರಿನಿಂದ ಹೊರಬರುವ ಏರಿಳಿತವು ಸರಬರಾಜಿನ ಆವರ್ತದ ಇಮ್ಮಡಿಯಾಗಿರುವುದರಿಂದ, ಇಂದಿನ ಸರಬರಾಜಿನಲ್ಲಿ ಅದು 100 ಹರ್ಟ್ಸ್. 25 ಆವರ್ತದ ಸರಬರಾಜಿನಲ್ಲಾಗಿದ್ದರೆ 50 ಹರ್ಟ್ಸ್ ಆಗಿ, ಅಷ್ಟೇ ಶೋಧನೆಗೆ ಇಮ್ಮಡಿ ಚೋಕನ್ನೂ ಇಮ್ಮಡಿ ಕಂಡೆನ್ಸರನ್ನೂ ಬಯಸುತ್ತಿತ್ತು.

ಈ ವ್ಯತ್ಯಾಸವೇ ದೋಷನಿದಾನದ ಪ್ರಥಮ ಸಾಧನ. 50 ಹರ್ಟ್ಸಿನ ಗುಂಜನ ಕೇಳಿದರೆ ತಂತುಗಳ ತಂತಿಜೋಡಣೆಯನ್ನಾಗಲಿ ಕಾಂತಕ್ಷೇತ್ರವನ್ನಾಗಲಿ ಶಂಕಿಸಬೇಕು. ಅದರ ಮೇಲಿನ ಸ್ಥಾಯಿಯ ಷಡ್ಜದಂತೆ 100 ಹರ್ಟ್ಸ್ ಕೇಳಿದರೆ ಶೋಧನೆಯ ಕೊರತೆಯನ್ನು ಶಂಕಿಸಬೇಕು. ಇದೇ 100 ಹರ್ಟ್ಸ್ ಒರಟಾಗಿ ಜುಯ್ಯೆನ್ನುತ್ತ ಮೇಲಿನ ಸ್ವರಗಳನ್ನೂ ಕೂಡಿಸಿಕೊಂಡು ಬಂದರೆ ಅರ್ತ್ ತಂತಿಗಳ ದಾರಿಯನ್ನು ಶಂಕಿಸಬೇಕು.

3. ಸಿಂಗಲ್ ಎಂಡೆಡ್ ರಚನೆಯ ಸ್ವಭಾವ

ಅಂತಿಮಘಟ್ಟದಲ್ಲಿ ಒಂದೇ ವಾಲ್ವು ದುಡಿಯುವ ರಚನೆಗೆ ಸಿಂಗಲ್ ಎಂಡೆಡ್ ಎಂದು ಹೆಸರು. ಇಲ್ಲಿ ನಿದರ್ಶನವಾಗಿ ತೆಗೆದುಕೊಂಡಿರುವ ಸರ್ಕಿಟ್ಟಿನಲ್ಲಿ ಇಸಿಸಿ 83 ಪೂರ್ವಘಟ್ಟದ ವಾಲ್ವಾಗಿಯೂ ಇಎಲ್ 84 ಅಂತಿಮಘಟ್ಟದ ವಾಲ್ವಾಗಿಯೂ ಇಜಡ್ 81 ರೆಕ್ಟಿಫೈಯರಾಗಿಯೂ ಇವೆ. 250 ವೋಲ್ಟ್ ಪ್ಲೇಟಿಗೂ ಅಷ್ಟೇ ಸ್ಕ್ರೀನಿಗೂ ಕೊಟ್ಟಾಗ ಇಎಲ್ 84 ಸುಮಾರು 48 ಮಿಲಿಯಾಂಪಿಯರ್ ಪ್ಲೇಟಿನಲ್ಲಿಯೂ 5.5 ಮಿಲಿಯಾಂಪಿಯರ್ ಸ್ಕ್ರೀನಿನಲ್ಲಿಯೂ ಎಳೆಯುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯು 5,200 ಓಮ್ ಹೊರೆಯಾಗಿ ತೋರಬೇಕು.

ಎರಡು ವಾಲ್ವುಗಳು ಎದುರುಬದುರಾಗಿ ದುಡಿಯುವ ಪುಷ್ ಪುಲ್ ರಚನೆಯಲ್ಲಿ ಸರಬರಾಜಿನ ಏರಿಳಿತವು ಪ್ರೈಮರಿಯ ಎರಡು ಅರ್ಧಗಳಲ್ಲಿ ಪರಸ್ಪರ ವಿರುದ್ಧವಾಗಿ ಹರಿದು ಬಹುಮಟ್ಟಿಗೆ ತನ್ನನ್ನು ತಾನೇ ರದ್ದುಮಾಡಿಕೊಳ್ಳುತ್ತದೆ. ಒಂದೇ ವಾಲ್ವಿನ ಅಂತಿಮಘಟ್ಟಕ್ಕೆ ಈ ರಕ್ಷೆಯಿಲ್ಲ. ಇಲ್ಲಿ ಬಹುಮಂದಿ ಗಮನಿಸದ ಸಂಗತಿಯೊಂದುಂಟು. ಪೆಂಟೋಡಿನ ಆಂತರಿಕ ರೋಧವು 38,000 ಓಮಿನಷ್ಟಿರುವುದರಿಂದ, ಪ್ಲೇಟಿನ ಸರಬರಾಜಿನಲ್ಲಿರುವ ಏರಿಳಿತದಲ್ಲಿ ಎಂಟನೆಯ ಒಂದು ಭಾಗ ಮಾತ್ರ ಪ್ರೈಮರಿಯ ಮೇಲೆ ಬೀಳುತ್ತದೆ. ಸ್ಕ್ರೀನಿನ ಮೇಲಿನ ಏರಿಳಿತವಾದರೋ ಗ್ರಿಡ್ಡಿಗೆ ಕೊಟ್ಟ ಸಂಕೇತದಂತೆ ವರ್ಧನೆಗೊಳ್ಳುತ್ತದೆ. ಗ್ರಿಡ್ಡಿಗೆ ಹೋಲಿಸಿದರೆ ಸ್ಕ್ರೀನಿನ ಪ್ರಭಾವ ಸುಮಾರು 19ರಲ್ಲಿ ಒಂದು ಪಾಲಾದರೂ, ಸ್ಕ್ರೀನಿನಲ್ಲಿರುವ 1 ವೋಲ್ಟ್ ಏರಿಳಿತ ಪ್ರೈಮರಿಯಲ್ಲಿ ಸುಮಾರು 2.8 ವೋಲ್ಟಾಗಿ ಪ್ರಕಟವಾಗುತ್ತದೆ. ಆದುದರಿಂದ ಪೆಂಟೋಡಾಗಿ ಬಳಸುವಾಗ ಸ್ಕ್ರೀನಿನ ಸರಬರಾಜನ್ನು ಮೊದಲು ಶುದ್ಧಿಗೊಳಿಸಬೇಕು. ಸ್ಕ್ರೀನನ್ನು ಪ್ಲೇಟಿಗೆ ಸೇರಿಸಿ ಟ್ರಯೋಡಾಗಿ ಬಳಸುವಾಗ ಆಂತರಿಕ ರೋಧ ತಗ್ಗಿ, ಏರಿಳಿತದ ಬಹುಭಾಗ ಪ್ರೈಮರಿಯ ಮೇಲೆಯೇ ಬೀಳುವುದರಿಂದ ಇಡೀ ಸರಬರಾಜು ಶುದ್ಧವಾಗಿರಬೇಕು.

4. ಶೋಧನೆಯ ಲೆಕ್ಕ

ರೆಕ್ಟಿಫೈಯರನ್ನು ಅನುಸರಿಸಿದ ಮೊದಲ ಕಂಡೆನ್ಸರ್ 50 ಮೈಕ್ರೋಫ್ಯಾರಡ್ ಎಂದಿಟ್ಟುಕೊಳ್ಳೋಣ; ಇಜಡ್ 81ಕ್ಕೆ ಇದೇ ಪರಮಾವಧಿ. ಇದನ್ನು ಮೀರಿದರೆ ಕಂಡೆನ್ಸರ್ ತುಂಬುವ ಕ್ಷಣದ ಪ್ರವಾಹ ಹೆಚ್ಚಿ ರೆಕ್ಟಿಫೈಯರಿನ ಆಯುಸ್ಸು ಕುಗ್ಗುತ್ತದೆ; ದೊಡ್ಡ ಕಂಡೆನ್ಸರಿನ ಮದ್ದು ಹೀಗೆ ಬೇರೊಂದು ರೋಗಕ್ಕೆ ಕಾರಣವಾಗುವುದುಂಟು. ಒಟ್ಟು ಪ್ರವಾಹ 56 ಮಿಲಿಯಾಂಪಿಯರ್ ಆದಾಗ ಈ ಕಂಡೆನ್ಸರಿನ ಮೇಲಿನ ಏರಿಳಿತ, ಶಿಖರದಿಂದ ತಳಕ್ಕೆ, ಹೆಚ್ಚೆಂದರೆ 11 ವೋಲ್ಟ್. ಮುಂದೆ 220 ಓಮ್ ರೆಸಿಸ್ಟರನ್ನೂ ಇನ್ನೊಂದು 50 ಮೈಕ್ರೋಫ್ಯಾರಡ್ ಕಂಡೆನ್ಸರನ್ನೂ ಸೇರಿಸಿದರೆ, 100 ಹರ್ಟ್ಸಿನಲ್ಲಿ ಆ ಕಂಡೆನ್ಸರಿನ ತಡೆ ಸುಮಾರು 32 ಓಮ್ ಆಗಿರುವುದರಿಂದ, ಏರಿಳಿತ ಏಳನೆಯ ಒಂದು ಭಾಗಕ್ಕೆ, ಅಂದರೆ 1.6 ವೋಲ್ಟಿಗೆ ಇಳಿಯುತ್ತದೆ. ರೆಸಿಸ್ಟರಿನ ಸ್ಥಾನದಲ್ಲಿ 10 ಹೆನ್ರಿಯ ಚೋಕನ್ನಿಟ್ಟರೆ ಅದರ ತಡೆ 6,280 ಓಮಿನಷ್ಟಾಗಿ, ಏರಿಳಿತ ಸುಮಾರು 200ನೆಯ ಒಂದು ಭಾಗಕ್ಕೆ, ಅಂದರೆ 0.06 ವೋಲ್ಟಿನ ಸಮೀಪಕ್ಕೆ ಇಳಿಯುತ್ತದೆ.

8 ಓಮ್ ಸ್ಪೀಕರಿಗೆ ಟ್ರಾನ್ಸ್‌ಫಾರ್ಮರಿನ ಸುತ್ತುಗಳ ಪ್ರಮಾಣ ಸುಮಾರು 25.5ಕ್ಕೆ 1. ಸ್ಕ್ರೀನಿನ ವರ್ಧನೆಯನ್ನು ಮಾತ್ರ ಗಣಿಸಿದರೂ ಮೊದಲನೆಯ ವ್ಯವಸ್ಥೆಯಲ್ಲಿ ಸ್ಪೀಕರಿಗೆ 170 ಮಿಲಿವೋಲ್ಟಿಗೂ ಮೀರಿದ ಗುಂಜನ ತಲಪುತ್ತದೆ, ಎರಡನೆಯದರಲ್ಲಿ 6 ಮಿಲಿವೋಲ್ಟ್ ಮಾತ್ರ. ಮೊದಲನೆಯದು ಕೋಣೆಯ ಆಚೆಯ ತುದಿಗೂ ಕೇಳಿಸತಕ್ಕದ್ದು. ಎರಡನೆಯದು ಸ್ಪೀಕರಿಗೆ ಕಿವಿಗೊಟ್ಟವನಿಗಷ್ಟೆ ತಿಳಿಯತಕ್ಕದ್ದು. ಚೋಕಿಗೆ ವ್ಯಯಿಸಿದ ಹಣ ಈ ಸರ್ಕಿಟ್ಟಿನಲ್ಲಿ ಎಂದಿಗೂ ವ್ಯರ್ಥವಲ್ಲ.

5. ಕಬ್ಬಿಣ ಮತ್ತು ಕಾಂತಕ್ಷೇತ್ರ

1923ರಲ್ಲಿ ಉತ್ಪಾದನೆಗೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು ಕಾಲಕ್ರಮದಲ್ಲಿ ಫೆರೋಸಿಲಿಕಾನನ್ನೂ ತಯಾರಿಸಿತು. ಕಬ್ಬಿಣಕ್ಕೆ ಸಿಲಿಕಾನನ್ನು ಬೆರಸಿದಾಗ ಅದರ ವಿದ್ಯುದ್ರೋಧ ಹೆಚ್ಚಿ, ಟ್ರಾನ್ಸ್‌ಫಾರ್ಮರಿನ ತಗಡುಗಳಲ್ಲಿ ಸುಳಿಪ್ರವಾಹದಿಂದಾಗುವ ನಷ್ಟ ತಗ್ಗುತ್ತದೆಂಬುದು ಈ ಊರಿನ ಲೋಹವಿದ್ಯೆಗೂ ನಮ್ಮ ವಿಷಯಕ್ಕೂ ಇರುವ ನಿಕಟ ಸಂಬಂಧ.

ಸಿಂಗಲ್ ಎಂಡೆಡ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿಯಲ್ಲಿ ಏಕಮುಖ ಪ್ರವಾಹ ನಿರಂತರವಾಗಿ ಹರಿಯುವುದರಿಂದ, 'ಇ' ಮತ್ತು 'ಐ' ತಗಡುಗಳ ನಡುವೆ ಕಾಗದವಿಟ್ಟು ಗಾಳಿಯ ಸಂದನ್ನು ಬಿಡತಕ್ಕದ್ದು. ಪುಷ್ ಪುಲ್ ಸೆಟ್ಟಿನಿಂದ ತೆಗೆದ, ತಗಡುಗಳನ್ನು ಒಂದರೊಳಗೊಂದು ಹೆಣೆದ ಟ್ರಾನ್ಸ್‌ಫಾರ್ಮರನ್ನು ಇಲ್ಲಿ ಬಳಸಿದರೆ ತಿರುಳು ಕಾಂತತ್ವದಿಂದ ತುಂಬಿ, ಕೆಳಸ್ವರಗಳು ನಶಿಸಿ, ನಾದ ಕೆಡುತ್ತದೆ. ಇದಲ್ಲದೆ ಪವರ್ ಟ್ರಾನ್ಸ್‌ಫಾರ್ಮರಿನಿಂದ ಹೊರಸೂಸುವ ಕಾಂತಕ್ಷೇತ್ರ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಹೊಕ್ಕು 50 ಹರ್ಟ್ಸಿನ ಗುಂಜನವನ್ನು ಹುಟ್ಟಿಸುತ್ತದೆ. ಯಾವ ಕಂಡೆನ್ಸರಿನಿಂದಲೂ ಇದು ಶಮನವಾಗದು. ಚಾಸಿಸ್ಸಿಗೆ ರಂಧ್ರ ಕೊರೆಯುವ ಮೊದಲೇ, ಪವರ್ ಟ್ರಾನ್ಸ್‌ಫಾರ್ಮರಿಗೆ ಮಾತ್ರ ವಿದ್ಯುತ್ ಕೊಟ್ಟು, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಗೆ ಹೆಡ್‌ಫೋನ್ ಜೋಡಿಸಿ, ಅದನ್ನು ದೂರ ಸರಿಸುತ್ತಲೂ ತಿರುಗಿಸುತ್ತಲೂ ಗುಂಜನ ಅತ್ಯಲ್ಪವಾಗುವ ಸ್ಥಾನವನ್ನು ಕಿವಿಯಿಂದಲೇ ಗೊತ್ತುಮಾಡಿಕೊಳ್ಳುವುದು ಉತ್ತಮ ಕ್ರಮ. ಸಾಮಾನ್ಯವಾಗಿ ಎರಡರ ತಿರುಳುಗಳೂ ಪರಸ್ಪರ ಲಂಬವಾದಾಗ ಆ ಸ್ಥಾನ ಸಿಗುತ್ತದೆ.

6. ತಂತು ಮತ್ತು ಅರ್ತ್

ತಂತುಗಳಿಗೆ 6.3 ವೋಲ್ಟಿನ ಪರ್ಯಾಯ ಪ್ರವಾಹವನ್ನೊಯ್ಯುವ ತಂತಿಗಳೆರಡನ್ನೂ ಬಿಗಿಯಾಗಿ ಹೆಣೆದು ಚಾಸಿಸ್ಸಿನ ಮೂಲೆಯಲ್ಲಿ ಸಾಗಿಸಬೇಕು. ವೈಂಡಿಂಗಿಗೆ ಮಧ್ಯದ ತುದಿ ಇಲ್ಲದಿದ್ದರೆ 100 ಓಮಿನ ಎರಡು ರೆಸಿಸ್ಟರುಗಳಿಂದ ಕೃತಕವಾದ ಮಧ್ಯಬಿಂದುವನ್ನು ಕಲ್ಪಿಸಬೇಕು. ಆ ಬಿಂದುವನ್ನು ನೇರವಾಗಿ ಚಾಸಿಸ್ಸಿಗೆ ಸೇರಿಸದೆ, ಸರಬರಾಜಿನಿಂದ ರೆಸಿಸ್ಟರುಗಳ ಮೂಲಕ ಪಡೆದ 30ರಿಂದ 40 ವೋಲ್ಟಿಗೆ ಏರಿಸಿದರೆ, ತಂತುವಿನಿಂದ ಕ್ಯಾಥೋಡಿಗೆ ಹರಿಯುವ ಸೂಕ್ಷ್ಮ ಪ್ರವಾಹ ನಿಂತು ಪೂರ್ವಘಟ್ಟದ ಗುಂಜನ ತಗ್ಗುತ್ತದೆ.

ಅರ್ತ್ ತಂತಿಗಳ ವಿಷಯದಲ್ಲಿ ಪ್ರಮಾದವಾಗುವುದು ಸುಲಭ. ಮೊದಲ ಕಂಡೆನ್ಸರನ್ನು ತುಂಬುವ ಪ್ರವಾಹ ಸಮನಾಗಿ ಹರಿಯದೆ ಕ್ಷಣಿಕವಾದ ಶಿಖರಗಳಾಗಿ ಹರಿಯುತ್ತದೆ. 0.3 ಆಂಪಿಯರಿನ ಅಂಥ ಶಿಖರ 0.01 ಓಮ್ ರೋಧವುಳ್ಳ ಚಾಸಿಸ್ಸಿನ ಸಂದಿಯೊಂದರ ಮೂಲಕ ಹಾದರೆ 3 ಮಿಲಿವೋಲ್ಟ್ ಹುಟ್ಟುತ್ತದೆ. 300 ಮಿಲಿವೋಲ್ಟಿನ ಸಂಕೇತ ಬರುವ ಇನ್‌ಪುಟ್ಟಿನ ದಾರಿಯಲ್ಲಿ ಅದು ನೂರರಲ್ಲೊಂದು ಪಾಲು. ಆದಕಾರಣ ಪವರ್ ಟ್ರಾನ್ಸ್‌ಫಾರ್ಮರಿನ ಮಧ್ಯತುದಿಯನ್ನು ಮೊದಲ ಕಂಡೆನ್ಸರಿನ ಋಣತುದಿಗೇ ನೇರವಾಗಿ ತರಬೇಕು. ಇತರ ಘಟ್ಟಗಳ ಅರ್ತ್‌ಗಳನ್ನು ಎರಡನೆಯ ಕಂಡೆನ್ಸರಿನ ಋಣತುದಿಗೆ ಪ್ರತ್ಯೇಕವಾಗಿ ತಂದು, ಚಾಸಿಸ್ಸನ್ನು ಇನ್‌ಪುಟ್ಟಿನ ಬಳಿ ಒಂದೇ ಕಡೆ ಮುಟ್ಟಿಸಬೇಕು. ಮನೆಯ ಅರ್ತ್ ಸಂಪರ್ಕವಿರುವುದು ಪ್ರಾಣರಕ್ಷಣೆಗೆ. ಬೇಸಗೆಯಲ್ಲಿ ನೆಲ ಒಣಗಿ ಅರ್ತ್ ಗುಂಡಿಯ ರೋಧ ಏರುವುದರಿಂದ ಉಪ್ಪು, ಇದ್ದಿಲು ಹಾಕಿದ ಗುಂಡಿಗೆ ನೀರೆರೆಯುವುದು ಯೋಗ್ಯವೇ. ಆದರೆ ಗುಂಜನವನ್ನು ನಿಲ್ಲಿಸಲೆಂದು ಪ್ಲಗ್ಗಿನ ಅರ್ತ್ ಪಿನ್ನನ್ನು ಕೀಳುವುದು ಎಂದಿಗೂ ಕೂಡದು.

7. ಮಳೆಗಾಲದ ಸೋರಿಕೆ

ಮಲೆನಾಡಿನ ಸೆರಗಿನಲ್ಲಿರುವ ಈ ಪ್ರದೇಶದಲ್ಲಿ, ಹಳೆಯ ಸೆಟ್ಟುಗಳಿಂದ ತೆಗೆದ ಕಾಗದದ ಕಂಡೆನ್ಸರುಗಳು ತೇವವನ್ನು ಹೀರಿ ಸೋರತೊಡಗುವುದು ಅನಿರೀಕ್ಷಿತವಲ್ಲ. ಇಸಿಸಿ 83ರ ಪ್ಲೇಟಿನಲ್ಲಿ 170 ವೋಲ್ಟ್ ಇದ್ದು, ಜೋಡಣೆಯ ಕಂಡೆನ್ಸರಿನ ಸೋರುರೋಧ 20 ಮೆಗೋಮಿಗೆ ಇಳಿದಿದ್ದು, ಇಎಲ್ 84ರ ಗ್ರಿಡ್ ರೆಸಿಸ್ಟರ್ 470 ಕಿಲೋಓಮ್ ಆಗಿದ್ದರೆ, ಶೂನ್ಯವಿರಬೇಕಾದ ಗ್ರಿಡ್ಡಿನಲ್ಲಿ ಸುಮಾರು 4 ವೋಲ್ಟ್ ಧನಾತ್ಮಕವಾಗಿ ನಿಲ್ಲುತ್ತದೆ. ಕ್ಯಾಥೋಡಿನ ರೆಸಿಸ್ಟರ್ ಕೊಂಚ ತಡೆದರೂ ವಾಲ್ವಿನ ಪ್ರವಾಹ ಏರುತ್ತದೆ; ಪ್ರವಾಹ ಏರಿದಂತೆ ಕಂಡೆನ್ಸರುಗಳ ಮೇಲಿನ ಏರಿಳಿತವೂ ಏರುತ್ತದೆ, ಚೋಕಿನ ತಿರುಳು ತುಂಬುತ್ತ ಅದರ ಶೋಧನಶಕ್ತಿ ಕುಗ್ಗುತ್ತದೆ. ಆಷಾಢದಲ್ಲಿ ಹೆಚ್ಚಿ ಚೈತ್ರದಲ್ಲಿ ತಗ್ಗುವ ಗುಂಜನಕ್ಕೆ ಫಿಲ್ಟರ್ ಕಂಡೆನ್ಸರನ್ನು ದೂಷಿಸುವ ಮೊದಲು ಗ್ರಿಡ್ಡಿನ ವೋಲ್ಟೇಜನ್ನು ಒಳ್ಳೆಯ ಮೀಟರಿನಿಂದ ಅಳೆಯತಕ್ಕದ್ದು.

8. ಪ್ರಸಾರಕೇಂದ್ರದ ಸಾಮೀಪ್ಯ

1965ರಿಂದ ಪ್ರಸಾರ ನಡೆಸುತ್ತ ಬಂದ ಭದ್ರಾವತಿ ಆಕಾಶವಾಣಿಯ ಮಧ್ಯತರಂಗದ ಆವರ್ತ 675 ಕಿಲೋಹರ್ಟ್ಸ್, ಅಂದರೆ ತರಂಗದೂರ ಸುಮಾರು 444 ಮೀಟರ್. ಇಂಥ ಪ್ರಬಲ ಕೇಂದ್ರದ ನೆರೆಯಲ್ಲಿ, ರಕ್ಷಾಕವಚವಿಲ್ಲದ ಇನ್‌ಪುಟ್ ತಂತಿಯೇ ಏರಿಯಲ್ ಆಗಿ, ಮೊದಲ ಗ್ರಿಡ್ ತರಂಗವನ್ನು ಡಿಟೆಕ್ಟರಿನಂತೆ ಬಿಡಿಸಿ, ಧ್ವನಿವರ್ಧಕದಲ್ಲಿ ರೇಡಿಯೋ ಕಾರ್ಯಕ್ರಮವೇ ಕೇಳಿಸಬಹುದು. ವಾಲ್ವಿನ ಪಿನ್ನಿಗೆ ತಾಗಿದಂತೆ 10 ಕಿಲೋಓಮ್ ರೆಸಿಸ್ಟರನ್ನು ಗ್ರಿಡ್ಡಿನ ಸರಣಿಯಲ್ಲಿ ಬೆಸೆಯುವುದು ಇದಕ್ಕೆ ಮದ್ದು. ಹಳೆಯ ರೇಡಿಯೋ ಸೆಟ್ಟುಗಳಲ್ಲಿಯಾದರೋ, ಕೇಂದ್ರವನ್ನು ಹಿಡಿದಾಗ ಮಾತ್ರ ಗುಂಜನ ಬಂದು ಮುಳ್ಳನ್ನು ಸರಿಸಿದೊಡನೆ ಅಡಗುವುದುಂಟು. ಮನೆಯ ವಿದ್ಯುತ್ ತಂತಿಗಳ ಮೂಲಕ ಒಳನುಗ್ಗಿದ ತರಂಗ ರೆಕ್ಟಿಫೈಯರಿನಲ್ಲಿ 100 ಹರ್ಟ್ಸಿನ ಏರಿಳಿತವನ್ನು ಹೊತ್ತು ಮರಳುವುದೇ ಇದಕ್ಕೆ ಕಾರಣ. ರೆಕ್ಟಿಫೈಯರಿನ ಪ್ಲೇಟುಗಳಿಂದ ಅರ್ತಿಗೆ 0.01 ಮೈಕ್ರೋಫ್ಯಾರಡ್‌ನ, ಸಾಕಷ್ಟು ವೋಲ್ಟೇಜನ್ನು ತಾಳುವ ಕಂಡೆನ್ಸರುಗಳನ್ನು ಹಾಕಿದರೆ ಇದು ನಿಲ್ಲುತ್ತದೆ.

9. ಪರೀಕ್ಷಾಕ್ರಮ

ನಿದಾನವು ಸ್ಪೀಕರಿನ ಕಡೆಯಿಂದ ಇನ್‌ಪುಟ್ಟಿನ ಕಡೆಗೆ ಸಾಗತಕ್ಕದ್ದು. ಮೊದಲು ಇಎಲ್ 84ನ್ನು ತೆಗೆದು ಆಲಿಸಬೇಕು. ಆಗಲೂ ಗುಂಜನವಿದ್ದರೆ ಅದು ಕಾಂತಕ್ಷೇತ್ರದ್ದು. ಹೊರೆ ತಪ್ಪಿದಾಗ ಸರಬರಾಜಿನ ವೋಲ್ಟೇಜ್ ಏರುವುದರಿಂದ ಕಂಡೆನ್ಸರುಗಳು ಅದನ್ನು ತಾಳುವಂಥವಾಗಿರಬೇಕು. ಬಳಿಕ ಆ ವಾಲ್ವನ್ನು ಹಾಕಿ ಅದರ ಗ್ರಿಡ್ಡನ್ನು ಅರ್ತಿಗೆ ಸೇರಿಸಿದಾಗ ಉಳಿಯುವ ಗುಂಜನ ಸರಬರಾಜಿನದು. ಗ್ರಿಡ್ಡನ್ನು ಬಿಡಿಸಿದೊಡನೆ ಹೆಚ್ಚುವುದು ಪೂರ್ವಘಟ್ಟದ್ದು. ವಾಲ್ಯೂಮನ್ನು ಏರಿಸಿದಂತೆ ಏರುವುದು ಅದಕ್ಕೂ ಹಿಂದಿನದು. ಪ್ರತಿ ಬದಲಾವಣೆಗೆ ಮುನ್ನ ವಿದ್ಯುತ್ತನ್ನು ನಿಲ್ಲಿಸಿ, ಪ್ಲಗ್ಗನ್ನು ಕಿತ್ತು, ಕಂಡೆನ್ಸರುಗಳನ್ನು ರೆಸಿಸ್ಟರಿನ ಮೂಲಕ ಬರಿದುಮಾಡಿ, ಮೀಟರಿನಿಂದ ಶೂನ್ಯವನ್ನು ಖಚಿತಪಡಿಸಿಕೊಳ್ಳಲೇಬೇಕು. 300 ವೋಲ್ಟಿನ ಏಕಮುಖ ವಿದ್ಯುತ್ತು ಪ್ರಾಣವನ್ನು ತೆಗೆಯಬಲ್ಲದು.

10. ಉಪಸಂಹಾರ

ಒಂದೇ ವಾಲ್ವಿನ ಅಂತಿಮಘಟ್ಟಕ್ಕೆ ಪುಷ್ ಪುಲ್ ರಚನೆಯ ಸ್ವಯಂಶಮನವಿಲ್ಲವಾದುದರಿಂದ ಅದು ಕಟ್ಟುವವನ ಶ್ರದ್ಧೆಯನ್ನೂ ಅಳತೆಯನ್ನೂ ಬಯಸುತ್ತದೆ. ಟ್ರಾನ್ಸ್‌ಫಾರ್ಮರುಗಳ ಸ್ಥಾನ, ಸ್ಕ್ರೀನಿನ ಶುದ್ಧಿ, ಅರ್ತಿನ ದಾರಿ, ತಂತುಗಳ ತಂತಿ, ಜೋಡಣೆಯ ಕಂಡೆನ್ಸರು ಇವೆಲ್ಲವೂ ನಿರ್ದುಷ್ಟವಾದಮೇಲೆಯೇ ಫಿಲ್ಟರಿನ ಗಾತ್ರವನ್ನು ಹೆಚ್ಚಿಸುವ ಮಾತನ್ನು ಎತ್ತಬೇಕು. ಈ ವಿದ್ಯೆಯನ್ನು ಬಲ್ಲ ಹಿರಿಯ ರಿಪೇರಿಯವರ ಅನುಭವ ಬಹುಪಾಲು ಬರಹಕ್ಕೆ ಇಳಿದಿಲ್ಲ. ಆದುದರಿಂದ ಧ್ವನಿವರ್ಧಕವನ್ನು ಕಟ್ಟುವ ಅಥವಾ ದುರಸ್ತಿಮಾಡುವ ಪ್ರತಿಯೊಬ್ಬರೂ ಅದರ ಸರ್ಕಿಟ್ಟನ್ನೂ, ಪ್ರತಿ ವಾಲ್ವಿನ ಪಿನ್ನುಗಳಲ್ಲಿ ಅಳೆದ ವೋಲ್ಟೇಜುಗಳನ್ನೂ, ಕಂಡ ದೋಷವನ್ನೂ ಮಾಡಿದ ಪರಿಹಾರವನ್ನೂ ತಾರೀಖು ಸಹಿತ ಕಾಗದದಲ್ಲಿ ಬರೆದು ಪೆಟ್ಟಿಗೆಯೊಳಗೆ ಅಂಟಿಸಬೇಕೆಂದೂ, ಶಿವಮೊಗ್ಗ ಹಾಗೂ ಭದ್ರಾವತಿಯ ತಾಂತ್ರಿಕ ವಿದ್ಯಾಲಯಗಳು ಅಂಥ ಟಿಪ್ಪಣಿಗಳನ್ನು ಸಂಗ್ರಹಿಸಿ ಕಾಪಾಡಬೇಕೆಂದೂ ವಿಜ್ಞಾಪಿಸಿಕೊಳ್ಳುತ್ತೇನೆ.