ಕಾಣದ ನೋವಿನ ಚರಿತ್ರೆ

ದೇಹವನ್ನು ಬಾಧಿಸುವ ವ್ಯಾಧಿಗಳಲ್ಲಿ ಕಣ್ಣಿಗೆ ಕಾಣುವಂಥವು ಕೆಲವು, ಕಾಣದಂಥವು ಹಲವು. ಗಾಯಕ್ಕೆ ರಕ್ತವೇ ಸಾಕ್ಷಿ, ಜ್ವರಕ್ಕೆ ಮೈಯ ತಾಪವೇ ಸಾಕ್ಷಿ. ಪದೇ ಪದೇ ಬರುವ ತಲೆನೋವಿಗೆ ಮಾತ್ರ ಬಹುಮಟ್ಟಿಗೆ ನೋಯುವವರ ಮಾತೇ ಸಾಕ್ಷಿ. ಆ ಮಾತನ್ನು ನಂಬುವುದೂ ಬಿಡುವುದೂ ಕೇಳುವವರ ಮನೋಧರ್ಮಕ್ಕೆ ಸೇರಿದ್ದು. ಆದುದರಿಂದ ಇಂದು ಮೈಗ್ರೇನ್ ಎಂದು ಕರೆಯಲ್ಪಡುವ ಅರೆತಲೆನೋವಿನ ಚರಿತ್ರೆಯು ಕೇವಲ ವೈದ್ಯಶಾಸ್ತ್ರದ ಚರಿತ್ರೆಯಲ್ಲ; ಪರರ ನೋವನ್ನು ಮನುಷ್ಯನು ಎಷ್ಟರಮಟ್ಟಿಗೆ ನಂಬಿದ್ದಾನೆ ಎಂಬುದರ ಚರಿತ್ರೆಯೂ ಹೌದು.

ಪ್ರಾಚೀನ ವೈದ್ಯರು ಈ ನೋವನ್ನು ಆದರದಿಂದಲೇ ಆಲಿಸಿದ್ದರು. ಸುಶ್ರುತಸಂಹಿತೆಯ ಉತ್ತರತಂತ್ರವು 11 ಬಗೆಯ ಶಿರೋರೋಗಗಳನ್ನು ಎಣಿಸುತ್ತದೆ. ತಲೆಯ ಅರ್ಧಭಾಗವನ್ನು ಸೀಳುವಂತೆ ನೋಯಿಸುವ ಅರ್ಧಾವಭೇದಕ, ಸೂರ್ಯನೊಡನೆ ಏರಿ ಸೂರ್ಯನೊಡನೆ ಇಳಿಯುವ ಸೂರ್ಯಾವರ್ತ ಇವೆರಡೂ ಅವುಗಳಲ್ಲಿ ಸೇರಿವೆ. ಇಂದಿನ ಟರ್ಕಿ ದೇಶಕ್ಕೆ ಸೇರಿದ ಕಪಡೋಸಿಯದ ಗ್ರೀಕ್ ವೈದ್ಯ ಅರೆಟೇಯಸನು, ಇಂತಹ ರೋಗಿಗಳು ಬೆಳಕನ್ನು ಸಹಿಸಲಾರರು, ಕತ್ತಲೆಯೇ ಅವರಿಗೆ ಹಿತ ಎಂದು ಬರೆದಿಟ್ಟನು. ಕ್ರಿ.ಶ. 2ನೆಯ ಶತಮಾನದ ಗೇಲನ್ ಎಂಬ ವೈದ್ಯನು ಬಳಸಿದ 'ಹೆಮಿಕ್ರೇನಿಯ' ಎಂಬ ಶಬ್ದವೇ ಸವೆದು ಸವೆದು 'ಮೈಗ್ರೇನ್' ಆಯಿತು. ಅದರ ಅರ್ಥವೂ ಅರೆತಲೆ ಎಂದೇ. ರೋಗಿಯ ಮಾತನ್ನು ಕೇಳಿಯೇ ಈ ವೈದ್ಯರೆಲ್ಲರೂ ರೋಗವನ್ನು ಅರಿತರು. ಅವರಿಗೆ ಬೇರೆ ಉಪಕರಣವಿರಲಿಲ್ಲ.

ಮುಂದೆ ಯುರೋಪಿನಲ್ಲಿ ಈ ವ್ಯಾಧಿಯು ಲಘುವಾಗಿ ಕಾಣಲ್ಪಡುವ ಕಾಲ ಬಂದಿತು. ವಿಶೇಷವಾಗಿ ಹೆಂಗಸರು ತಲೆನೋವೆಂದರೆ ಅದು ನರಗಳ ದೌರ್ಬಲ್ಯ, ಸುಖವಂತರ ನೆಪ ಎಂಬ ಭಾವನೆ ಬೇರೂರಿತು. ಅದಕ್ಕೆ ಉತ್ತರ ಕೊಟ್ಟವರಲ್ಲಿ ಸ್ವತಃ ಬಳಲಿದವರೂ ಇದ್ದರು. ಇಂಗ್ಲೆಂಡಿನ ರಾಜಖಗೋಳಜ್ಞ ಜಾರ್ಜ್ ಏರಿ 1865ರಲ್ಲಿ ತನ್ನ ಕಣ್ಣೆದುರು ಕಾಣಿಸಿಕೊಳ್ಳುತ್ತಿದ್ದ ಅಂಕುಡೊಂಕಾದ ಪ್ರಭೆಯನ್ನು ಪ್ರಾಮಾಣಿಕವಾಗಿ ವರ್ಣಿಸಿದನು. ಅದೇ ಬಾಧೆಯಿದ್ದ ಅವನ ಮಗ, ವೈದ್ಯ ಹ್ಯೂಬರ್ಟ್ ಏರಿ, 1870ರಲ್ಲಿ ಆ ಪ್ರಭೆಯು ಕ್ಷಣಕ್ಷಣಕ್ಕೂ ಹಿಗ್ಗುವ ಬಗೆಯನ್ನು ಚಿತ್ರಗಳಲ್ಲಿ ಬರೆದು ಪ್ರಕಟಿಸಿದನು. ಒಳಗಿನದು ಹೊರಗಿನವರಿಗೆ ಕಾಣುವಂತಾಯಿತು. 1873ರಲ್ಲಿ ಎಡ್ವರ್ಡ್ ಲಿವೀಂಗ್ ಎಂಬ ವೈದ್ಯನು ಇದು ನರಮಂಡಲದಲ್ಲಿ ಏಳುವ ಒಂದು ಬಿರುಗಾಳಿ ಎಂದು ಪ್ರತಿಪಾದಿಸಿದನು.

ಆದರೂ ಸಂದೇಹವು ವೇಷ ಬದಲಿಸಿಕೊಂಡು ಮರಳಿತು. 1930ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ವುಲ್ಫ್, ಅತಿ ಶಿಸ್ತು, ಅತಿ ಮಹತ್ವಾಕಾಂಕ್ಷೆಗಳಿಂದ ಕೂಡಿದ ಒಂದು ಬಗೆಯ ಸ್ವಭಾವವೇ ಮೈಗ್ರೇನ್ ರೋಗಿಗಳದ್ದೆಂದು ಬರೆದನು. ಸಂಶೋಧಕನಾಗಿ ಅವನು ದೊಡ್ಡವನೇ. ಆದರೆ ಈ ಮಾತಿನಿಂದ ರೋಗದ ಭಾರದೊಡನೆ ತಪ್ಪಿನ ಭಾರವೂ ರೋಗಿಯ ತಲೆಗೇರಿತು.

ಸತ್ಯವು ಬೇರೆ ದಾರಿಯಿಂದ ಹೊರಬಂದಿತು. 1941ರಲ್ಲಿ ಕಾರ್ಲ್ ಲ್ಯಾಶ್ಲಿ ಎಂಬ ಮನಶ್ಶಾಸ್ತ್ರಜ್ಞನು ತನಗೇ ಕಾಣುತ್ತಿದ್ದ ಪ್ರಭೆಯನ್ನು ಅಳೆದು, ಮಿದುಳಿನ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರಿನಂತೆ ಸರಿಯುತ್ತಿರಬೇಕೆಂದು ಲೆಕ್ಕ ಹಾಕಿದನು. 1944ರಲ್ಲಿ ಬ್ರೆಜಿಲ್ಲಿನ ಅರಿಸ್ಟಿಡೆಸ್ ಲಿಯಾವೊ ಮೊಲಗಳ ಮಿದುಳಿನಲ್ಲಿ ಹೆಚ್ಚುಕಡಮೆ ಅದೇ ವೇಗದ ಅಲೆಯೊಂದನ್ನು ಕಂಡನು. ಇವೆರಡರ ಸಂಬಂಧವು ತಿಳಿದದ್ದು ಆಮೇಲೆ. 1990ರಲ್ಲಿ ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್, ನೋವಿನ ಹೊತ್ತಿನಲ್ಲಿ ರೋಗಿಗಳ ಕೊರಳಿನ ರಕ್ತನಾಳದಲ್ಲಿ ಸಿಜಿಆರ್‌ಪಿ ಎಂಬ ವಸ್ತುವು ಹೆಚ್ಚುವುದನ್ನು ತೋರಿಸಿದರು. ಆ ವಸ್ತುವಿನ ಕ್ರಿಯೆಯನ್ನು ತಡೆಯುವ ಔಷಧಗಳು 2018ರಿಂದ ಬಳಕೆಗೆ ಬಂದಿವೆ. 2021ರ ಬ್ರೈನ್ ಪ್ರಶಸ್ತಿಯು ಈ ಕ್ಷೇತ್ರದ ನಾಲ್ವರಿಗೆ ಸಂದಿತು. ಸಾವಿರಾರು ವರ್ಷ ನೋಯುವವರು ಹೇಳುತ್ತಿದ್ದುದು ನಿಜವೆಂದು ಕೊನೆಗೆ ರಕ್ತವೇ ನುಡಿಯಿತು.

ನಮ್ಮ ನಾಡಿನಲ್ಲಿಯೂ ಇದು ವಿರಳವಾದ ಬಾಧೆಯಲ್ಲ. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮನೆ ಮನೆಗೆ ಹೋಗಿ ವಿಚಾರಿಸಿದ ಸಮೀಕ್ಷೆಯೊಂದು, ವರ್ಷವೊಂದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಮೈಗ್ರೇನಿನಿಂದ ಬಳಲುತ್ತಾರೆಂದು ತಿಳಿಸಿತು. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಅಧಿಕ. ಎಂದಮೇಲೆ ನಮ್ಮ ಪ್ರತಿಯೊಂದು ಬಂಧುವರ್ಗದಲ್ಲಿಯೂ ಇಂತಹವರು ಇದ್ದೇ ಇದ್ದಾರೆ.

ಇಲ್ಲಿ ನಮ್ಮ ಪರಂಪರೆಯ ಮಾತು ಪ್ರಸ್ತುತವಾಗುತ್ತದೆ. ಕಲ್ಯಾಣಕಾರಕವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೇ ಚಿಕಿತ್ಸೆಯನ್ನು ಬೋಧಿಸಿದರು. ಒಂದು ಜೀವದ ನೋವನ್ನು ನೀಗಲು ಇನ್ನೊಂದು ಜೀವವನ್ನು ನೋಯಿಸಬಾರದೆಂಬುದು ಅದರ ತಿರುಳು. ಆದರೆ ಎದುರಿಗಿರುವ ನೋವನ್ನು ಅಲಕ್ಷಿಸಿರೆಂದು ಅವರು ಹೇಳಲಿಲ್ಲ. ಹಾಗಿದ್ದರೆ ವೈದ್ಯಗ್ರಂಥವನ್ನೇ ಬರೆಯುತ್ತಿರಲಿಲ್ಲ. ಊಟ ತಪ್ಪುವುದು, ನೀರು ಸಾಲದಿರುವುದು, ನಿದ್ರೆ ಕೆಡುವುದು ಇವು ಅನೇಕರಲ್ಲಿ ಅರೆತಲೆನೋವನ್ನು ಕೆರಳಿಸುತ್ತವೆ. ಪರ್ಯೂಷಣ, ದಶಲಕ್ಷಣ ಪರ್ವಗಳಲ್ಲಿ ಉಪವಾಸ ಮಾಡಲಾರದ ಸೊಸೆಯನ್ನೋ ವಿದ್ಯಾರ್ಥಿಯನ್ನೋ ಶ್ರದ್ಧೆ ಸಾಲದವರೆಂದು ಭಾವಿಸುವ ಮೊದಲು ಇದನ್ನು ನೆನೆಯಬೇಕು. ತ್ಯಾಗ, ತಪಸ್ಸುಗಳು ಶಕ್ತಿಗೆ ತಕ್ಕಂತಿರಬೇಕೆಂಬುದು ಷೋಡಶ ಭಾವನೆಗಳಲ್ಲಿಯೇ ಅಡಗಿದೆ. ಬಳಲಿದವರ ಸೇವೆಯಾದ ವೈಯಾವೃತ್ಯವೂ ಅವುಗಳಲ್ಲೊಂದು.

ನೋಯುವವರೂ ಕೆಲವು ನಿಯಮಗಳನ್ನು ಪಾಲಿಸುವುದು ಲೇಸು. ಊಟ, ನಿದ್ರೆಗಳು ನಿಯತಕಾಲದಲ್ಲಿರಲಿ. ನೋವು ಎಂದು ಬಂದಿತು, ಅದಕ್ಕೆ ಮೊದಲು ಏನು ನಡೆದಿತ್ತು ಎಂಬುದನ್ನು ಪುಟ್ಟ ಪುಸ್ತಕದಲ್ಲಿ ಬರೆದಿಟ್ಟರೆ ವೈದ್ಯರಿಗೆ ದಾರಿ ಕಾಣುತ್ತದೆ. ಮಾತ್ರೆಗಳಲ್ಲಿಯೂ ಪರಿಮಿತಿ ಬೇಕು. ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮಿಶ್ರ ಮಾತ್ರೆಗಳನ್ನೂ ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್‌ಗಳನ್ನೂ 10 ದಿನ ಅಥವಾ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮಿಕ್ಕಿ ಸೇವಿಸುತ್ತಿದ್ದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಲ್ಲದು. ನೋವು ಪದೇ ಪದೇ ಬರುವವರಿಗೆ ಬಾರದಂತೆ ತಡೆಯುವ ಔಷಧಗಳು ಬೇರೆಯೇ ಇವೆ. ವೈದ್ಯರನ್ನು ಕೇಳಿ ತಿಳಿಯಬೇಕು. ಸಿಡಿಲಿನಂತೆ ಒಮ್ಮೆಲೇ ಎರಗಿದ ನೋವು, ಜ್ವರದೊಡನೆ ಕತ್ತು ಬಿಗಿಯುವುದು, ಕೈಕಾಲು ಸೋಲುವುದು, ಮಾತು ತೊದಲುವುದು ಇವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಯವರು ಮಾಡಬೇಕಾದುದು ಅಲ್ಪ: ದೀಪವನ್ನು ತಗ್ಗಿಸುವುದು, ಸದ್ದನ್ನು ಅಡಗಿಸುವುದು, ಪ್ರಶ್ನೆಗಳನ್ನು ನಾಳೆಗೆ ಇಡುವುದು. ಬಸದಿಗಳ ಆಡಳಿತ ವರ್ಗದವರು ಪಂಚಕಲ್ಯಾಣಾದಿ ಉತ್ಸವಗಳಲ್ಲಿ ಧ್ವನಿವರ್ಧಕವನ್ನು ಮಿತಗೊಳಿಸಿ, ಧೂಪದ ಹೊಗೆಯಿಂದ ದೂರವಾದ ಒಂದು ಶಾಂತ ಕೊಠಡಿಯನ್ನು ಕಾದಿರಿಸಿದರೆ ಅದೂ ದಯಾಧರ್ಮವೇ. ಹಿಂಸೆಯೆಂದರೆ ಹೊಡೆಯುವುದೊಂದೇ ಅಲ್ಲ. ನೋಯುತ್ತಿದೆ ಎಂದವರಿಗೆ 'ಏನೂ ಇಲ್ಲ' ಎಂದು ಹೇಳುವುದರಲ್ಲಿಯೂ ಅದರ ಒಂದು ಅಂಶವಿದೆ.